ಸೋಮವಾರದ ಸೊನ್ನೆ

ಹಾಸನಕ್ಕೆ ಬಂದ ದಿನ ನಾನು ಮುದ್ದೆಯನ್ನು ಅಗಿದು ತಿಂದೆ. ಮನೆ ಓನರ್ ಜಯಕ್ಕ ಸೌಟು ಹಿಡಿದುಕೊಂಡು ನನ್ನ ಬಾಯನ್ನೇ ನೋಡುತ್ತಾ ನಿಂತುಬಿಟ್ಟರು. ಇದು ನುಂಗುವ ಊಟವಂತೆ! ಲಿಂಗಸುಗೂರಿನಲ್ಲಿ ಕಟಕಟ ಎನ್ನುವ ರೊಟ್ಟಿ ಮುರಿದು ಬೆಳೆದವಳಿಗೆ ಅಗಿಯದೆ ತಿನ್ನುವುದು ಹೇಗೆಂದೇ ತಿಳಿಯಲಿಲ್ಲ. ಈಗ ಮುದ್ದೆ ನುಂಗುತ್ತೇನೆ. ಆಫೀಸಿನವರು ನುಂಗು ಎಂದದ್ದನ್ನೆಲ್ಲ ನುಂಗುವುದು ಮಾತ್ರ ನನ್ನಿಂದ ಆಗಲಿಲ್ಲ.

ನನ್ನದು ಒಂದು ಖಾಸಗಿ ಡೇರಿಯಲ್ಲಿ ಲೆಕ್ಕದ ಕೆಲಸ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳ ಹಾಲಿನ ಫ್ಯಾಟು, ಅಂದರೆ ಜಿಡ್ಡಿನ ಅಂಶ ಎಷ್ಟೆಂದು ಸರಾಸರಿ ತೆಗೆಯಬೇಕು. ಅದಕ್ಕೆ 'ಆರ್' ಎಂಬ ಪುಕ್ಕಟೆ ಸಾಫ್ಟ್‌ವೇರ್ ಇದೆ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಒಳಗೇನಿದೆ ಎಂದು ತೆರೆದು ನೋಡಬಹುದು.

ಶಾಂತಿಗ್ರಾಮದ ಪಕ್ಕದ ಒಂದು ಹಳ್ಳಿಯ ಸರಾಸರಿ ಎಲ್ಲರಿಗಿಂತ ಕೆಳಗೆ ಬಂತು. ನೀರು ಬೆರೆಸುತ್ತಾರೆ, ಅಲ್ಲಿನ ಹಾಲಿನ ಕೇಂದ್ರ ಮುಚ್ಚಿಸುತ್ತೇನೆ ಎಂದರು ಮ್ಯಾನೇಜರ್. ನಾನು ದಿನಕ್ಕೊಂದು ಚುಕ್ಕಿಯಿಟ್ಟು ಗೆರೆ ಎಳೆಸಿದೆ. ವಾರವೆಲ್ಲ ನೆಟ್ಟಗಿದ್ದ ಗೆರೆ ಸೋಮವಾರ ಬಂದರೆ ತಳ ಮುಟ್ಟುತ್ತಿತ್ತು. ಸೊನ್ನೆ. ಜಿಡ್ಡೇ ಇಲ್ಲದ ಹಾಲನ್ನು ಯಾವ ಹಸು ಕೊಡುತ್ತದೆ?

ಬಸ್ ಹತ್ತಿ ಹೋದೆ. ಸೋಮವಾರದ ಹಾಲು ಮನೆದೇವರಿಗೆ ಮೀಸಲು, ಪೂಜೆ ಮುಗಿದು ಉಳಿದದ್ದು ಮನೆಗೇ, ಮಾರುವಂತಿಲ್ಲ ಎಂದರು ಕೇಂದ್ರ ನಡೆಸುವ ಗೌರಮ್ಮ. ನಮ್ಮ ಆಫೀಸಿನಲ್ಲೋ, ಖಾಲಿ ಜಾಗ ಕಂಡಲ್ಲೆಲ್ಲ ಸೊನ್ನೆ ಒತ್ತುವುದು ರೂಢಿ. ನೀರಿನ ಮಾತು ತಿಳಿಸಿದಾಗ ಗೌರಮ್ಮನ ಮುಖ ಕೆಂಪಗಾಯಿತು.

"ಸ್ವಾಮಾರ ಆಲೇ ಆಕಲ್ಲ ಕಣವ್ವ. ಇಲ್ದಿರೋ ಆಲ್ಗೆ ನೀರ್ ಯಾವ್ದುಕ್ ಉಯ್ಯಾನ?"

ವಾಪಸ್ ಬಂದು ಸೊನ್ನೆಗಳನ್ನು ಅಳಿಸಿ, ಮಾಹಿತಿ ಇಲ್ಲ ಎಂದೇ ಗುರುತು ಹಾಕಿದೆ. ಈಗ ಆರ್ ಸರಾಸರಿ ಹೇಳಲು ಒಪ್ಪಲಿಲ್ಲ, ಗೊತ್ತಿಲ್ಲ ಎಂದಿತು. ಇಲ್ಲದ ದಿನಗಳನ್ನು ಬಿಟ್ಟು ಉಳಿದದ್ದರ ಲೆಕ್ಕ ಕೊಡು ಎಂದು ನಾವೇ ಬಾಯಿಬಿಟ್ಟು ಹೇಳಬೇಕು. ಹೇಳಿದೆ. ಆ ಹಳ್ಳಿಯ ಹಾಲು ಬಾಗೂರು, ಕಟ್ಟಾಯದಂಥ ಬೇರೆ ಊರುಗಳ ಹಾಲಿಗೆ ಸಮಸಮ ಬಂತು. ಗೊತ್ತಿಲ್ಲ ಎನ್ನುವಷ್ಟು ಮರ್ಯಾದೆ ಒಂದು ಬಿಟ್ಟಿ ಸಾಫ್ಟ್‌ವೇರಿಗಿದೆ, ನಮ್ಮ ಆಫೀಸಿನವರಿಗಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ಮ್ಯಾನೇಜರ್ ಹಾಳೆಯನ್ನು ಪಕ್ಕಕ್ಕೆ ತಳ್ಳಿದರು. "ನೀವು ಆ ಕಡೆಯೋರು ಕಣಮ್ಮ, ನಮ್ಮ ಜನ ನಿಮ್ಗೆ ಗೊತ್ತಾಗಲ್ಲ."

ಅವರು ಅರಕಲಗೂಡಿನವರು. ಅವರ ಮನೆಯಲ್ಲೂ ದನ ಕಟ್ಟಿದ್ದಾರೆ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಅಂಗೆಲ್ಲಾ ಬಾಯ್ಗ್ ಬಂದಂಗೆ ಮಾತಾಡ್ಬ್ಯಾಡಿ ಸಾ. ನಿಮ್ಮನೇಲಿ ಮೀಸಲು ಆಲು ಮಾರ್ತೀರಾ?"

ತಳ್ಳಿದ್ದ ಹಾಳೆಯನ್ನು ಅವರು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಕೇಂದ್ರ ಉಳಿಯಿತು. ಗೌರಮ್ಮನಿಗೆ ಒಂದು ಕ್ಷಮೆಯ ಮಾತೂ ಹೋಗಲಿಲ್ಲ. ಕಂಪ್ಯೂಟರ್ ತಪ್ಪು ಎಂದು ಹೇಳಿ ಕೈ ತೊಳೆದುಕೊಂಡರು.

ಆ ಸಂಜೆ ಊರಿಗೆ ಫೋನ್ ಮಾಡಿ, ಬೈದದ್ದನ್ನು ಬೈದ ಹಾಗೆಯೇ ಅವ್ವನಿಗೆ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ನಕ್ಕಳು.

"ಜಗಳಾನೂ ಅವರ ಮಾತಿನ್ಯಾಗ ಮಾಡಾಕ ಹತ್ತಿ ಅಂದ್ರ, ನೀ ಇನ್ನ ನಮ್ಮಕಿ ಅಲ್ಲ ಬಿಡವಾ."

ಇಲ್ಲಿ ಆ ಕಡೆಯವಳು, ಅಲ್ಲಿಗೆ ಈ ಕಡೆಯವಳು. ಮತ್ತೆ ಸಿಟ್ಟು ನೆತ್ತಿಗೇರಿತು. ಯಾವ ಊರಿನ ಮಾತಿನಲ್ಲಿ ಬೈಯಬೇಕೋ ತಿಳಿಯದೆ ಸುಮ್ಮನೆ ಫೋನ್ ಹಿಡಿದುಕೊಂಡು ಕೂತೆ.