ಎರಡನೇ ಸೈರನ್

ನನ್ನ ಗಂಡ ಸಂಡೂರಿನ ಗುಡ್ಡದ ಖಾಸಗಿ ಗಣಿಯೊಂದರಲ್ಲಿ ಬ್ಲಾಸ್ಟರ್ ಆಗಿದ್ದರು. ಬಂಡೆಗೆ ಕುಳಿ ಕೊರೆಸಿ, ಸ್ಫೋಟಕ ತುಂಬಿ ಹಾರಿಸುವ ಕೆಲಸ. ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಬ್ಲಾಸ್ಟರನಿಗೆ ಊರಲ್ಲಿ ಸಿಗುತ್ತಿದ್ದ ಮರ್ಯಾದೆ ಮಠದ ಸ್ವಾಮಿಗಳಿಗೂ ಸಿಗುತ್ತಿರಲಿಲ್ಲ. ನನಗೆ ಸಿಕ್ಕಿದ್ದು ಕೆಂಧೂಳು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗಿರುತ್ತಿತ್ತು.

ಗಣಿಯಲ್ಲಿ ಒಂದು ಕಟ್ಟಳೆ. ಮೊದಲ ಸೈರನ್ ಆದರೆ ಎಲ್ಲರೂ ದೂರ ಸರಿಯಬೇಕು. ಬ್ಲಾಸ್ಟ್ ಆಗಿ ಹೊಗೆ ಇಳಿಯುವವರೆಗೆ ಯಾರೂ ಅಲುಗಾಡಬಾರದು. ಆಮೇಲೆ ಬ್ಲಾಸ್ಟರ್ ಒಬ್ಬನೇ ಹೋಗಿ, ಸಿಡಿಯದೆ ಉಳಿದ ಕುಳಿ ಇದೆಯೇನೋ ಎಂದು ಒಂದೊಂದನ್ನೂ ಬಗ್ಗಿ ನೋಡಿ, "ಕ್ಲಿಯರ್" ಅಂದರೆ ಮಾತ್ರ ಎರಡನೇ ಸೈರನ್. ಒಮ್ಮೆ ಮಾಲೀಕರೇ ಜೀಪಿನಲ್ಲಿ ಬಂದು, "ಲಾರಿ ಲೈನು ಗಾದಿಗನೂರು ತನಕ ನಿಂತೈತಿ, ಜಲ್ದಿ ಸೈರನ್ ಹೊಡಸಲೇ" ಎಂದು ಕೂಗಾಡಿದರಂತೆ. "ನೋಡಲಾರದ ಹೇಳಂಗಿಲ್ರಿ" ಎಂದು ಇವರು ಕೈಕಟ್ಟಿ ನಿಂತರಂತೆ. ಅಂಥ ಮನುಷ್ಯ.

ಅವರ ಕಿಡ್ನಿಯಲ್ಲಿ ಕಲ್ಲಾಯಿತು. ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಮೈ ಕೊಯ್ಯದೆ, ಹೊರಗಿನಿಂದಲೇ ಅಲೆ ಹಾಯಿಸಿ ಕಲ್ಲನ್ನು ಪುಡಿ ಮಾಡಿದರು. ಶಾಕ್ ವೇವ್ ಚಿಕಿತ್ಸೆ. ಇವರಿಗೆ ಹಿಗ್ಗೋ ಹಿಗ್ಗು. "ನಮ್ಮ ಕೆಲ್ಸಾನ ಮಾಡ್ಯಾರ ನೋಡು! ಹೊಗಿ ಇಲ್ಲ, ಧೂಳಿಲ್ಲ. ಭಾಳ ಮಸ್ತ್!"

ಹೊರಡುವಾಗ ಡಾಕ್ಟರು ಬಿಡಿಸಿ ಹೇಳಿದ್ದರು. "ಅಲೆ ಬರೇ ಕಲ್ಲಿಗೆ ತಾಗಂಗಿಲ್ಲ, ಸುತ್ತಲಿನ ಕಿಡ್ನಿಗೂ ಪೆಟ್ಟು ಬೀಳತೈತಿ. ಸಾಮಾನ್ಯವಾಗಿ ಅದು ಮಾಯತೈತಿ. ಕೆಲವ್ರಿಗೆ ವರ್ಷಗಟ್ಟಲೆ ಆದಮ್ಯಾಲೆ ಬಿಪಿ, ಶುಗರ್ ಬರಬಹುದು ಅಂತಾರ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನೋರೂ ಅದಾರ. ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋಗ್ರಿ."

ಇವರು ಬಾಗಿಲು ದಾಟಿದವರೇ, "ಕಲ್ಲು ಒಡದೈತಿ, ಪುಡಿ ಬರತೈತಿ. ಇನ್ನೇನು ನೋಡಾದೈತಿ?" ಅಂದರು. ಕುಳಿ ಕುಳಿಗೂ ಬಗ್ಗಿ ನೋಡುವ ಮಹಾಶಯರು! ಪುಡಿ ಬಂತು. ಅದನ್ನು ಗಾಜಿನ ಶೀಶೆಯಲ್ಲಿ ತುಂಬಿ ಟಿವಿಯ ಮೇಲಿಟ್ಟರು. ಮನೆಗೆ ಬಂದವರಿಗೆ ಚಹಾಕ್ಕೆ ಮೊದಲು ಶೀಶೆಯ ದರ್ಶನ.

ವರ್ಷಗಳು ಕಳೆದವು. ಬೆಳಿಗ್ಗೆ ಎದ್ದರೆ ತಲೆನೋವು. ಕುಳಿ ಕೊರೆಯುವ ಕಂಪ್ರೆಸರ್ ಸದ್ದಿನಿಂದ ಅಂದರು, ಬಿಸಿಲಿನಿಂದ ಅಂದರು, ಕೊನೆಗೆ ನನ್ನ ಬಾಯಿಯಿಂದ ಅಂದರು. ನಾನು ಆಸ್ಪತ್ರೆ ಅಂದಾಗಲೆಲ್ಲ, "ಕಂಪನಿ ಮೆಡಿಕಲ್‌ನಾಗ ಪ್ರತಿವರ್ಷ ಪಾಸಾಗೇನಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಪಾಸಾಗಿದ್ದಂತೂ ನಿಜ.

ಒಂದು ವರ್ಷ ಮೆಡಿಕಲ್ ದಿನ, ಬೆಳಿಗ್ಗೆ ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ ಹೋದವರು ಸಪ್ಪೆ ಮುಖ ಹೊತ್ತು ಬಂದರು.

"ದೊಡ್ಡಮ್ಮ ಎಲ್ಲಿಗೆ ಹೋಗ್ಯಾಳ?"

"ಕಂಪ್ಲಿಗೆ, ಮಗಳ ಬಾಣಂತನಕ್ಕ. ಯಾಕ್ರಿ?"

ಬಾಯಿ ಬಿಡಲಿಲ್ಲ. ನಾನು ಬಿಡಿಸಿದೆ. ದೊಡ್ಡಮ್ಮ ದಿನಾ ಬಿಪಿ ಗುಳಿಗೆ ನುಂಗುವವಳು. ಮೆಡಿಕಲ್ ದಿನ ಅದರಲ್ಲೊಂದನ್ನು ಇಸಕೊಂಡು ನುಂಗಿ ಗುಡ್ಡ ಹತ್ತುವುದು ಇವರ ಪದ್ಧತಿ. ಇವರೊಬ್ಬರದೇ ಅಲ್ಲ, ಅರ್ಧ ಶಿಫ್ಟಿನವರದೂ ಅದೇ. ವರ್ಷಕ್ಕೊಂದು ದಿನ ರೋಗಿ, ಉಳಿದ ದಿನವೆಲ್ಲ ಗಟ್ಟಿ ಆಳು! ಬಿಪಿ ಇದೆಯೆಂದು ಗೊತ್ತಾದರೆ ಸ್ಫೋಟಕದ ಹತ್ತಿರ ಬಿಡದೆ ಗೇಟಿನಲ್ಲಿ ಕೂರಿಸುತ್ತಾರೆ. ಅದಕ್ಕೆ ಹೆದರಿ ಈ ಕಳ್ಳಾಟ. ನನಗೆ ಮೈಯೆಲ್ಲ ಉರಿಯಿತು.

ಅಂದು ಸಿಕ್ಕಿಬಿದ್ದರು, ಬ್ಲಾಸ್ಟರ್ ಕೆಲಸ ಹೋಯಿತು. ಹೊಸಪೇಟೆಗೆ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಅದಿರಿನ ಲಾರಿಗಳು. ಇವರೇ ಹಾರಿಸಿದ ಗುಡ್ಡ ನಮ್ಮ ಬಸ್ಸಿಗೆ ದಾರಿ ಬಿಡಲಿಲ್ಲ.

ಒಂದು ಕಿಡ್ನಿ ಸೊರಗಿತ್ತು. "ಶಾಕ್‌ನಿಂದಾನ ಆತೇನ್ರಿ?" ಎಂದು ಇವರು ಆಸೆಯಿಂದಲೇ ಕೇಳಿದರು.

"ಇರಬಹುದು, ಇರಲಿಕ್ಕಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಿದ್ರ ಹೇಳಬಹುದಿತ್ತು" ಅಂದರು ಡಾಕ್ಟರು. "ಇನ್ನ ದಿನಾ ಬಿಪಿ ನೋಡ್ರಿ, ಗುಳಿಗಿ ತಪ್ಪಿಸಬ್ಯಾಡ್ರಿ. ಬಿಪಿ ಹಿಂಗ ಇದ್ರ ಕಿಡ್ನಿ ಉಳಿಯಂಗಿಲ್ಲ."

ಡಾಕ್ಟರಿಗೆ ತಿಳಿಯದ್ದು ನಮ್ಮ ಓಣಿಗೆ ತಿಳಿದಿತ್ತು. ಎಲ್ಲ ಶಾಕ್‌ನಿಂದ. ತಲೆಗೂದಲು ಉದುರಿದ್ದೂ ಶಾಕ್‌ನಿಂದ, ಮಿರ್ಚಿ ಬಜ್ಜಿ ದಕ್ಕದಿದ್ದುದೂ ಶಾಕ್‌ನಿಂದ. ಉಪ್ಪಿನಕಾಯಿ ಜಾಡಿಯನ್ನು ಮಾತ್ರ ಯಾರೂ ದೂರಲಿಲ್ಲ.

ಬಿಪಿ ಮಷಿನ್ ತಂದೆವು. ದಿನಾ ಸಂಜೆ ಕಟ್ಟೆಯ ಮೇಲೆ ಕೂತು ತಾವೇ ತೋಳಿಗೆ ಪಟ್ಟಿ ಸುತ್ತಿಕೊಳ್ಳುವರು. ನಾನು ಹತ್ತಿರ ಸುಳಿಯುವಂತಿಲ್ಲ. ಸ್ವಲ್ಪ ಹೊತ್ತಿಗೆ, "ಕ್ಲಿಯರ್" ಅನ್ನುವರು. ಆ ಬಾಯಿಯಿಂದ ಆ ಮಾತು ಬಂದರೆ ಇಡೀ ಗುಡ್ಡ ನಂಬುತ್ತಿತ್ತು. ನಾನೂ ನಂಬಿದೆ.

ಒಂದು ಸಂಜೆ ಹಿಂದಿನಿಂದ ಚಹಾ ತಂದೆ. ಪಟ್ಟಿ ತೋಳಿನಲ್ಲಿ ಸಡಿಲವಾಗಿ ಜೋತಾಡುತ್ತಿತ್ತು. ಮಷಿನ್ ಆನ್ ಕೂಡ ಆಗಿರಲಿಲ್ಲ. ಅದರ ಖಾಲಿ ಗಾಜನ್ನು ನೋಡುತ್ತಾ "ಕ್ಲಿಯರ್" ಅಂದರು.

ಸಿಟ್ಟು ಬರಬೇಕಿತ್ತು, ಅಳು ಬಂತು. ಮಾಲೀಕರು ಗುಡುಗಿದರೂ ನೋಡದೆ ಆಡದಿದ್ದ ಮಾತನ್ನು ನನ್ನೆದುರು ಆಡುವಷ್ಟು ಹೆದರಿದ್ದರು ಈ ಮನುಷ್ಯ. ಲೋಟ ಕೆಳಗಿಟ್ಟು ಪಟ್ಟಿ ಬಿಗಿದೆ, ಗುಂಡಿ ಒತ್ತಿದೆ. ಏಳಲು ಹೋದರು. ಭುಜ ಹಿಡಿದು ಕೂರಿಸಿದೆ.

"ಕುಂದ್ರಿ. ಇನ್ನಾ ನಾ ನೋಡಿಲ್ಲ."

ಪಟ್ಟಿ ಉಬ್ಬತೊಡಗಿತು. ಅವರು ಅಲುಗಾಡದೆ ಕೂತರು. ಮಷಿನ್ ಸದ್ದು ನಿಂತ ಮೇಲೆ, ಕಣ್ಣು ಮುಚ್ಚಿಕೊಂಡೇ ಮೊದಲ ಸಲ ಕೇಳಿದರು:

"ಎಷ್ಟೈತಿ?"