ಕಾಕಾ ತಪ್ಪಿಸಿದ ತ್ರಾಸ

ದೋಸ್ತರೇ, ಇವತ್ತು ನನ್ನನ್ನು ಯಾರೂ ಮಾತಾಡಿಸಬೇಡಿ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಬಳಿ ಮಳೆಗೆ ಉರುಳಿದ ಹಲಸಿನ ಮರದ ದಿಮ್ಮಿಯನ್ನು ನನಗೇ ಬಿಟ್ಟುಕೊಟ್ಟಿದ್ದರು. ಅದನ್ನು ಉದ್ದಕ್ಕೆ ಸೀಳಿ ಮನೆಗೆ ಒಂದೇ ಹಲಗೆಯ ಉಯ್ಯಾಲೆ ಮಾಡಬೇಕೆಂದು ನಾನು ಪಾರ್ಕಿಂಗಿನ ಮೂಲೆಯಲ್ಲಿ ಗರಗಸದ ಯಂತ್ರ ಕಟ್ಟುತ್ತಿದ್ದೆ. ಕಳಂಬೋಲಿಯ ಕಬ್ಬಿಣದ ಪೇಟೆಯಿಂದ ತಂದ ಚೌಕಟ್ಟು, ಹಳೆಯ ಸ್ಕೂಟರಿನ ಎರಡು ಚಕ್ರ, ಅವುಗಳ ಸುತ್ತ ಬೆಲ್ಟಿನಂತೆ ಓಡುವ ಗರಗಸದ ಪಟ್ಟಿ. ಭಾನುವಾರ ಬಂತೆಂದರೆ ಮೈಯೆಲ್ಲ ಗ್ರೀಸು.

ಇವತ್ತು ಬೆಳಿಗ್ಗೆ ಯಂತ್ರ ಕೊನೆಗೂ ಸರಿಯಾಗಿ ಓಡಿತು. ಕುಣಿಯುತ್ತ ಗೇಟಿನ ಹತ್ತಿರ ಹೋದರೆ ದಿಮ್ಮಿಯೇ ಇಲ್ಲ! ಅದರ ಜಾಗದಲ್ಲಿ ಮೊಣಕಾಲೆತ್ತರದ ದುಂಡು ತುಂಡುಗಳು. ಒಂದರ ಮೇಲೆ ನಮ್ಮ ಸೆಕ್ರೆಟರಿ, ಧಾರವಾಡದ ಕುಲಕರ್ಣಿ ಕಾಕಾ, ಚಹಾ ಕುಡಿಯುತ್ತ ಕೂತಿದ್ದರು.

"ಇದೆಂಥದು ಕಾಕಾ?"

"ನೀವು ಪ್ರತಿ ರವಿವಾರ ಒದ್ದಾಡೋದು ನೋಡ್ಲಿಕ್ಕಾಗ್ಲಿಲ್ರಿ. ನಿನ್ನೆ ಮಂದಿ ಕರಸಿ ಕೊಯ್ಸಿಬಿಟ್ಟೆ. ನಿಮ್ಮ ತ್ರಾಸ ತಪ್ತಲ್ಲ?"

"ನನಗೆ ಉದ್ದದ ಹಲಗೆ ಬೇಕಿತ್ತು ಮಾರಾಯ್ರೇ!"

"ಉದ್ದಂದು ಲಿಫ್ಟಿನ್ಯಾಗ ಹಿಡೀತದೇನ್ರಿ?"

ಆ ಲಿಫ್ಟಿನ ಯೋಚನೆ ಇಷ್ಟು ದಿನ ನನ್ನ ತಲೆಗೇ ಬಂದಿರಲಿಲ್ಲ. ಕಾಕಾ ಪಕ್ಕದ ತುಂಡನ್ನು ತಟ್ಟಿ, "ಕೂಡ್ರಿ, ಚಹಾ ತಗೊಳ್ರಿ" ಎಂದರು. ಕೂತೆ. ಅರ್ಧ ಕಪ್ ಮುಗಿಯುವಷ್ಟರಲ್ಲಿ ಮತ್ತೆ ಶುರು ಮಾಡಿದರು: "ಕಟಗಿ ಅಂತೂ ಮುಗೀತು. ಇನ್ನ ಆ ಮಷೀನ್ ಯಾವಾಗ ತಗೀತೀರಿ? ಪಾರ್ಕಿಂಗಿಗೆ ಅಡ್ಡ ಆಗೇದ."

ನಾನು ಉಳಿದರ್ಧ ಚಹಾ ಮುಗಿಸಿದೆ. ಹೇಳಬಾರದು, ಆದರೆ ಆ ತುಂಡು ಕೂರಲು ಬಹಳ ಹಿತವಾಗಿತ್ತು. ಮೈ ಉರಿಯುತ್ತಿರುವುದು ಅದಕ್ಕೇ.