ಗಾದಿಯೊಡನೆ ಗಜೇಂದ್ರಗಡಕ್ಕೆ

ಸೋಮವಾರ ಬೆಳಿಗ್ಗೆ ರೋಣದ ಬಸ್ ನಿಲ್ದಾಣದಲ್ಲಿ ನಾನು ಒಂದು ಗಾದಿಯನ್ನು ತಬ್ಬಿಕೊಂಡು ನಿಂತಿದ್ದೆ. ಪ್ಲಾಸ್ಟಿಕ್ ಹೊದಿಸಿ, ಸುರುಳಿ ಸುತ್ತಿ, ಮೇಲೊಂದು ಬಣ್ಣದ ಚೀಟಿ ಅಂಟಿಸಿದ ಹತ್ತಿ ಗಾದಿ. ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಿತ್ತು. ಜನವರಿಯ ಚಳಿಗೆ ಅದನ್ನು ತಬ್ಬಿ ನಿಲ್ಲುವುದು ಹಿತವಾಗಿಯೇ ಇತ್ತು. ನರಗುಂದದ ಬಸ್ಸು ಬಂದಾಗ ಕಂಡಕ್ಟರು ಮೊದಲು ಗಾದಿಯನ್ನು ನೋಡಿದರು, ಆಮೇಲೆ ನನ್ನನ್ನು.

“ಬಸ್ಸಿನ್ಯಾಗ ಹಾಸ್ಕೊಂಡ ಮಲಗಾಕಿ ಏನವಾ?”

“ಇಲ್ರಿ, ಮಾರಾಕ ಒಯ್ಯಾಕತ್ತೀನ್ರಿ.”

“ಹಂಗಾದ್ರ ಇದಕ್ಕ ಲಗೇಜ್ ತಗೀಬೇಕು. ನಿನಗ ಪುಕಟ ಐತಿ, ಇದಕ್ಕಿಲ್ಲ.”

ಆಧಾರ್ ಕಾರ್ಡು ತೋರಿಸಿ ನಾನು ಹೆಂಗಸರಿಗಿರುವ ಸೊನ್ನೆ ರೂಪಾಯಿಯ ಟಿಕೆಟ್ ಪಡೆದೆ. ಗಾದಿಗೆ ನಲವತ್ತು ರೂಪಾಯಿ ಕೊಟ್ಟೆ. ಹಿಂದಿನ ಸೀಟಿನ ಮೂಲೆಯಲ್ಲಿ ಅದನ್ನು ನಿಲ್ಲಿಸಿ, ಬೀಳದಂತೆ ಮೊಣಕೈ ಕೊಟ್ಟು ಕುಳಿತೆ.

ಈ ಪ್ರಯಾಣಕ್ಕೆ ಕಾರಣ ಎರಡು. ನಾನು ಬಿ.ಬಿ.ಎ. ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ಈ ಸಲದ ಪ್ರಾಜೆಕ್ಟಿಗೆ ನಮ್ಮ ಮೇಡಂ, “ಹಳೇ ವರದಿ ನಕಲು ಮಾಡಿ ತಂದರೆ ಸಹಿ ಹಾಕುವುದಿಲ್ಲ. ಒಂದು ಸಾಮಾನು ಹಿಡಿದುಕೊಂಡು ಹೊರಗೆ ಹೋಗಿ ಮಾರಿ ಬನ್ನಿ” ಎಂದಿದ್ದರು. ಎರಡನೆಯ ಕಾರಣ ನಮ್ಮ ಅಪ್ಪ. ಹತ್ತಿ ಹಿಂಜಿ ಗಾದಿ ತುಂಬುವ ಪಿಂಜಾರರ ಮನೆ ನಮ್ಮದು. ಊರಿಗೆ ಸ್ಪಂಜಿನ ಗಾದಿ ಬಂದ ಮೇಲೆ ಅಂಗಡಿಯ ಕಡೆ ಜನ ತಲೆ ಹಾಕುವುದು ಕಡಿಮೆಯಾಯಿತು. ಹತ್ತಿ ಹಿಂಜುವ ಕರೆಂಟಿನ ಯಂತ್ರವನ್ನು ಗುಜರಿಗೆ ಕೊಟ್ಟು ಕಾಳಿನ ಪೇಟೆಯಲ್ಲಿ ಹಮಾಲಿಗೆ ಹೋಗುತ್ತೇನೆ ಎಂದು ಅಪ್ಪ ನಿರ್ಧರಿಸಿಬಿಟ್ಟಿದ್ದರು. ಗುಜರಿಯವನು ಬುಧವಾರ ಬರುವವನಿದ್ದ. ನಾನು ಹಟ ಹಿಡಿದೆ. “ಮಂಗಳವಾರ ಸಂಜಿತನಕ ತಡಿ. ಗಿರಾಕಿ ತರ್ತೀನಿ” ಎಂದೆ. “ತಂದ್ರ ನೋಡೋಣು” ಎಂದರು ಅಪ್ಪ, ನಂಬಿಕೆ ಇಲ್ಲದ ದನಿಯಲ್ಲಿ. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅವ್ವನಿಂದ ಗಾದಿ ಹೊಲಿಸಿದೆ, ನಾನೇ ಪ್ಲಾಸ್ಟಿಕ್ ಕಟ್ಟಿದೆ. ಪ್ಯಾಕಿಂಗ್ ಬಗ್ಗೆ ಓದಿದ ಪಾಠ ನನಗೆ ಬಾಯಿಪಾಠವಾಗಿತ್ತು.

ದಾರಿಯ ಎರಡೂ ಬದಿ ಕಪ್ಪು ಎರೆ ಹೊಲ. ಕಡಲೆ ಬೆಳೆ ಕೆಲವು ಕಡೆ ಹಸಿರಾಗಿತ್ತು, ಕೆಲವು ಕಡೆ ಕೀಳುವ ಹದಕ್ಕೆ ಬಂದಿತ್ತು. ಬಿಡಿಸಿ ಬಿಟ್ಟ ಹತ್ತಿ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ತುಣುಕು ಉಳಿದಿತ್ತು. ಬಿಸಿಲು ಏರುವ ಹೊತ್ತಿಗೆ ನರಗುಂದದ ಗುಡ್ಡ ಕಂಡಿತು. ನಿಲ್ದಾಣದಲ್ಲಿ ನಮ್ಮ ಹುಸೇನಬಿ ಅತ್ತೆ, ಅಂದರೆ ಅಪ್ಪನ ಅಕ್ಕ, ಕಾಯುತ್ತಿದ್ದಳು. ಗಾದಿಯ ಮೇಲಿನ ಚೀಟಿ ಓದಲು ಬಾರದಿದ್ದರೂ ಬೆರಳಿನಿಂದ ಸವರಿ, “ಭಾಳ ಶಾಣ್ಯಾ ಆಗೀ ಬಿಡು” ಎಂದಳು.

ಪೇಟೆಯಲ್ಲಿ ಅತ್ತೆಯ ಪರಿಚಯದ ಕಿರಾಣಿ ಅಂಗಡಿಯ ಕಟ್ಟೆ ಸಿಕ್ಕಿತು. ಗಾದಿ ಹಾಸಿ, ಪಕ್ಕದಲ್ಲಿ ನಿಂತು ಕೂಗಲು ಶುರು ಮಾಡಿದೆ. ಬೆಲೆ ಮೂರು ಸಾವಿರದ ಇನ್ನೂರು. ಜನ ಬಂದರು, ಪ್ಲಾಸ್ಟಿಕ್ಕಿನ ಮೇಲೆ ಗುದ್ದಿ ನೋಡಿದರು, ಬೆಲೆ ಕೇಳಿದರು, ಹೋದರು. ತುಟ್ಟಿಯಾಯಿತು ಎಂದುಕೊಂಡು ಎರಡು ಸಾವಿರದ ಎಂಟುನೂರಕ್ಕೆ ಇಳಿಸಿದೆ. ಮಧ್ಯಾಹ್ನ ಮಿರ್ಚಿ ಭಜಿ ತಿಂದು ಎರಡು ಸಾವಿರದ ನಾಲ್ಕುನೂರಕ್ಕೆ ಇಳಿಸಿದೆ. ಬೆಲೆ ಇಳಿದರೆ ಬೇಡಿಕೆ ಏರುತ್ತದೆ ಎಂದು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೆನೋ! ಶಿರೋಳದಿಂದ ಬಂದಿದ್ದ ಗಂಡ ಹೆಂಡತಿ ಕೊಳ್ಳುವ ಮನಸ್ಸಿನಲ್ಲೇ ಇದ್ದವರು. ಹೊಸ ಬೆಲೆ ಕೇಳಿದ್ದೇ ಹೆಂಡತಿ ಕೈ ಹಿಂದಕ್ಕೆ ತೆಗೆದುಕೊಂಡಳು.

“ಮುಂಜಾನೆ ಬ್ಯಾರೆ ಹೇಳಿದ್ದೆಲ್ಲ?”

“ನಿಮಗಂತ ಕಡಿಮಿ ಮಾಡೀನ್ರಿ.”

“ಇಷ್ಟ್ ಸೋವಿ ಕೊಡ್ತೀ ಅಂದ್ರ ಏನೋ ಐತಿ ಬಿಡವಾ” ಎಂದು ಗಂಡನ ತೋಳು ಹಿಡಿದು ನಡೆದೇಬಿಟ್ಟಳು.

ಸಂಜೆ ಗಾದಿಯನ್ನು ಮತ್ತೆ ಸುತ್ತಿದೆವು. ಅತ್ತೆಯ ಮನೆಯಲ್ಲಿ ಬಿಸಿ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ ಇದ್ದವು. ನಾನು ಮೊದಲ ರೊಟ್ಟಿಯನ್ನೇ ಮುರಿಯುತ್ತ ಕೂತಿದ್ದೆ. ಅತ್ತೆ ಇನ್ನೊಂದು ರೊಟ್ಟಿ ಹಾಕುತ್ತ, “ನಾಳೆ ನಾನೂ ಬರ್ತೀನಿ. ಗಜೇಂದ್ರಗಡದ ಸಂತಿ ದೊಡ್ಡದು. ಒಬ್ಬಾಕೀನ ನಿಂತು ಒದರಿದ್ರ ಹುಚ್ಚಿ ಅಂತಾರ” ಎಂದಳು.

ಮಂಗಳವಾರ ಮೊದಲ ಬಸ್ಸು ಹಿಡಿದೆವು. ಗಜೇಂದ್ರಗಡಕ್ಕೆ ಹೋಗಲು ರೋಣದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಂದ ನಮ್ಮ ಮನೆ ನಡೆದು ಹೋಗುವಷ್ಟು ಹತ್ತಿರ. ಅತ್ತೆ ನನ್ನ ಮುಖ ನೋಡಿ, “ಸಾಕಾತೇನ? ಮನಿಗೆ ಹೋಗೂಣೇನ?” ಎಂದಳು. ಮನಸ್ಸಿಗೆ ಸಾಕಾಗಿದ್ದು ನಿಜ. ಆದರೆ ಕೈ ಬೀಸಿಕೊಂಡು ಹೋದರೆ ಅಪ್ಪ ಏನೂ ಅನ್ನುವುದಿಲ್ಲ, ಸುಮ್ಮನೆ ಯಂತ್ರದ ನಟ್ಟು ಬಿಚ್ಚಲು ಕೂಡುತ್ತಾರೆ. ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. “ಇನ್ನಾ ಒಂದ್ ಊರು ಐತಿ” ಎಂದು ಗಾದಿಯನ್ನು ಗಜೇಂದ್ರಗಡದ ಬಸ್ಸಿಗೆ ತುರುಕಿದೆ.

ಆ ಬಸ್ಸಿನಲ್ಲಿ ಗಾದಿಗೆ ತಾಗಿ ಕುಳಿತವರು ಮೆಣಸಗಿಯ ಪಾರ್ವತೆವ್ವ. ಹೊಲಮನೆ ಚೆನ್ನಾಗಿರುವ ಒಕ್ಕಲುತನದ ಹೆಂಗಸು, ಹಣೆಯ ತುಂಬ ಕುಂಕುಮ. ಮಗಳ ಮದುವೆಗೆ ಸೀರೆ ತರಲು ಹೊರಟಿದ್ದರು. ಅವರು ಕೇಳದಿದ್ದರೂ ಅತ್ತೆ ಗಾದಿಯ ಕಥೆಯನ್ನೆಲ್ಲ ಒಪ್ಪಿಸಿದಳು. ಪಾರ್ವತೆವ್ವ ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆರೆದು ನಕ್ಕರು.

“ಇಂಥಾದ್ದ ಒಂದು ತಗೊಂಡಿದ್ವಿ ತಂಗಿ. ಹೊಳಿ ಬಂದು ಮನ್ಯಾಗ ನೀರು ಹೊಕ್ಕಾಗ ಗಾದಿ ತೊಯ್ತು. ಒಣಗಸಾಕಂತ ಹೊಲಿಗಿ ಬಿಚ್ಚಿದ್ರ ಒಳಗ ಏನಿತ್ತು ಹೇಳು? ಬರೇ ಅರಬಿ ಚಿಂದಿ! ಬಣ್ಣಬಣ್ಣದ್ದು! ಅವತ್ತಿನಿಂದ ಬಾಯಿ ಹೊಲಿದ ಗಾದಿ ನಾ ಮುಟ್ಟಂಗಿಲ್ಲ.”

“ನಮ್ಮದು ಖರೇ ಹತ್ತೀನ್ರಿ.”

“ಅದನ್ನ ಮಾರಿದಾಂವನೂ ಹಿಂಗ ಅಂದಿದ್ದ.”

ನನ್ನ ಕಿವಿ ಬಿಸಿಯಾಯಿತು. ಅವಮಾನಕ್ಕಲ್ಲ. ನಿನ್ನೆಯಿಡೀ ಜನ ಗಾದಿಯನ್ನು ಗುದ್ದಿದ್ದೇಕೆ, ಶಿರೋಳದ ಹೆಂಗಸು ಕೈ ಹಿಂದಕ್ಕೆ ತೆಗೆದದ್ದೇಕೆ ಎಂಬುದು ಆಗ ಹೊಳೆಯಿತು. ಅವರಿಗೆ ಬೆಲೆಯ ಮೇಲೆ ಅನುಮಾನ ಇರಲಿಲ್ಲ, ಒಳಗಿನದರ ಮೇಲೆ ಇತ್ತು. ಒಳಗಿರುವುದು ಕಾಣದಂತೆ ಪ್ಲಾಸ್ಟಿಕ್ ಸುತ್ತಿ ಚೀಟಿ ಅಂಟಿಸಿದವಳು ನಾನೇ. ಬೆಲೆ ಇಳಿಸಿ ಅನುಮಾನಕ್ಕೆ ಉಪ್ಪು ಖಾರ ಹಚ್ಚಿದವಳೂ ನಾನೇ.

ಗಜೇಂದ್ರಗಡದಲ್ಲಿ ಇಳಿದಾಗ ಸಂತೆ ಆಗಲೇ ತುಂಬಿತ್ತು. ಊರಿನ ಬೆನ್ನಿಗೆ ಗುಡ್ಡ, ಗುಡ್ಡದ ಕೆಳಗೆ ಕುರಿಗಳ ಕೂಗು, ಒಗ್ಗರಣೆ ಹಾಕಿದ ಮಂಡಕ್ಕಿಯ ವಾಸನೆ. ಪಾರ್ವತೆವ್ವ ಸೀರೆ ಅಂಗಡಿಗಳ ಕಡೆ ಹೋದರು. ನಾವು ಬಳೆ ಮಾರುವವರ ಸಾಲಿನ ಕೊನೆಯಲ್ಲಿ ಚಾದರ ಹಾಸಿ, ಅದರ ಮೇಲೆ ಗಾದಿ ಬಿಡಿಸಿದೆವು. ನಾನು ಬಳೆಗಾರ್ತಿಯ ಹತ್ತಿರ ಕತ್ತರಿ ಕೇಳಿ ತಂದು ಪ್ಲಾಸ್ಟಿಕ್ ಹರಿದೆ. ಆಮೇಲೆ ಹೊಲಿಗೆಗೆ ಕತ್ತರಿ ಹಾಕಿದೆ.

“ಏ ಹಸೀನಾ! ತಲಿ ಕೆಟ್ಟೈತೇನ? ನಿಮ್ಮವ್ವ ಎರಡ ದಿನ ಕುಂತು ಹೊಲದಾಳ!” ಎಂದು ಅತ್ತೆ ನನ್ನ ಕೈ ಹಿಡಿದಳು.

“ಬಿಡತ್ತಿ. ಮಂದಿ ನೋಡ್ಲಿ.”

ಅವ್ವನ ಹೊಲಿಗೆ ಕತ್ತರಿಸುವಾಗ ನನಗೆ ಸಂಕಟವಾಯಿತು. ಆದರೂ ಒಂದು ಬದಿಯನ್ನು ಪೂರ್ತಿ ಬಿಚ್ಚಿ, ಎರಡೂ ಕೈ ಒಳಗೆ ಹಾಕಿ ಹತ್ತಿಯನ್ನು ಹೊರಗೆಳೆದೆ. “ಬರ್ರಿ, ಕೈ ಹಾಕಿ ನೋಡ್ರಿ! ಮೂಲಿ ಮೂಲಿ ನೋಡ್ರಿ! ಚಿಂದಿ ಸಿಕ್ರ ಗಾದಿ ಪುಕಟ ಒಯ್ರಿ!” ಎಂದು ಕೂಗಿದೆ. ಬೆಲೆ ಮತ್ತೆ ಮೂರು ಸಾವಿರದ ಇನ್ನೂರು ಎಂದೆ, ಒಂದು ರೂಪಾಯಿ ಇಳಿಸುವುದಿಲ್ಲ ಎಂದೂ ಹೇಳಿದೆ. ಹೆಂಗಸರು ಮುತ್ತಿದರು. ಒಬ್ಬಳು ಮೊಣಕೈವರೆಗೆ ತೋಳು ತೂರಿಸಿ ತಳದ ಮೂಲೆ ತಡಕಿದಳು. ಇನ್ನೊಬ್ಬಳು ಹತ್ತಿಯ ಎಳೆಯನ್ನು ಹಿಂಜಿ ಬಿಸಿಲಿಗೆ ಹಿಡಿದಳು. ಗಾಳಿಗೆ ಹತ್ತಿ ಹಾರಿ ಬಳೆಗಾರ್ತಿಯ ತಲೆಯ ಮೇಲೆ ಕೂತಿತು. ಅತ್ತೆಗೂ ಹುರುಪು ಬಂದು ನನಗಿಂತ ಜೋರಾಗಿ ಕೂಗತೊಡಗಿದಳು.

ಅಷ್ಟರಲ್ಲಿ ಸೀರೆಯ ಚೀಲ ಹಿಡಿದು ಪಾರ್ವತೆವ್ವ ಬಂದರು. ಯಾರ ಮಾತನ್ನೂ ಕೇಳದೆ ಕುಕ್ಕರಗಾಲಲ್ಲಿ ಕೂತು, ಗಾದಿಯ ನಾಲ್ಕೂ ಮೂಲೆಗೆ ಕೈ ಹಾಕಿ ನೋಡಿದರು.

“ಖರೇನ ಹತ್ತಿ ಐತೆಲ್ಲ ತಂಗಿ!”

“ತಗೋರಿ ಮತ್ತ.”

“ಇದನ್ನ ಒಲ್ಲೆ” ಎಂದರು. ನಾನು ಹತ್ತಿಯನ್ನು ಒಳಗೆ ತುರುಕತೊಡಗಿದೆ. “ನಮ್ಮ ಹೊಲದ್ದ ಹತ್ತಿ ಮನ್ಯಾಗ ಬಿದ್ದೈತಿ. ಮಗಳಿಗೆ ಕೊಡಾಕ ನಾಕು ಗಾದಿ ಆಗಬೇಕು. ನಿಮ್ಮ ಮಶಿನ್ ನಮ್ಮ ಮನಿಗೆ ತರ್ರಿ. ನಮ್ಮ ಅಂಗಳದಾಗ, ನಮ್ಮ ಕಣ್ಣ ಮುಂದ ಹಿಂಜಿ ತುಂಬ್ರಿ. ನಮ್ಮ ಓಣ್ಯಾಗ ಇನ್ನೂ ಎರಡ ಮದುವಿ ಅದಾವು, ಅವರಿಗೂ ಹೇಳ್ತೀನಿ.”

ನಾನು ಹಿಂದೆ ಮುಂದೆ ನೋಡದೆ ಒಪ್ಪಿಕೊಂಡು ಅವರ ಫೋನ್ ನಂಬರು ಬರೆದುಕೊಂಡೆ. ಅತ್ತೆಯ ಮುಖ ಮಾತ್ರ ಸಣ್ಣಗಾಯಿತು. ಸಂತೆಯಿಂದ ನಿಲ್ದಾಣಕ್ಕೆ ಬರುವಾಗ ಅವಳು ಕಾರಣ ಹೇಳಿದಳು. ಅಜ್ಜ ಹತ್ತಿ ಹಿಂಜುವ ಬಿಲ್ಲು ಹೊತ್ತು ಊರೂರು ತಿರುಗಿ, ಮಂದಿಯ ಅಂಗಳದಲ್ಲಿ ಕೂತು ಹಿಂಜುತ್ತಿದ್ದರು. ಸಣ್ಣವನಿದ್ದ ಅಪ್ಪ ಹಿಂದೆ ಹಿಂದೆ ನಡೆಯುತ್ತಿದ್ದರು. “ನಾ ಯಾರ ಅಂಗಳದಾಗೂ ಕುಂಡ್ರೂದಿಲ್ಲ, ಗಿರಾಕೀನ ನನ್ನ ಅಂಗಡಿಗೆ ಬರಬೇಕು” ಎಂದು ಆಣೆ ಮಾಡಿ ಅಪ್ಪ ಅಂಗಡಿ ಹಾಕಿದ್ದರಂತೆ. “ಅಂವ ಒಪ್ಪೂದಿಲ್ಲ ನೋಡು” ಎಂದಳು ಅತ್ತೆ.

ಬಾಯಿ ಬಿಚ್ಚಿದ ಗಾದಿಯನ್ನು ಯಾರೂ ಕೊಂಡಿರಲಿಲ್ಲ; ಅದನ್ನು ಚಾದರದಲ್ಲಿ ಗಂಟು ಕಟ್ಟಿ ಬಸ್ಸು ಹತ್ತಿದೆವು. ಗಂಟಿನ ಸಂದಿನಿಂದ ಹತ್ತಿ ಹಾರಿ ಅಕ್ಕಪಕ್ಕದವರ ಮೈಗೆಲ್ಲ ಹತ್ತಿತು. ಬೈಸಿಕೊಳ್ಳುತ್ತ, ಕೈ ಮುಗಿಯುತ್ತ, ರೋಣ ಬರುವವರೆಗೂ ನಾನು ಅಪ್ಪನಿಗೆ ಏನು ಹೇಳಬೇಕೆಂದು ಯೋಚಿಸಿದೆ. ಚಂದದ ಮಾತು ಒಂದೂ ಹೊಳೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿದೆ.

ಅಂಗಡಿ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಅಪ್ಪ ಯಂತ್ರದ ಮುಂದೆ ಕೂತಿದ್ದರು. ಪಕ್ಕದಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು, ಆದರೆ ನಟ್ಟುಗಳು ಇನ್ನೂ ಜಾಗದಲ್ಲಿದ್ದವು. ಬಾಯಿ ತೆರೆದ ಗಾದಿ ನೋಡಿ ಅವರು ಹುಬ್ಬು ಗಂಟಿಕ್ಕಿದರು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ.

“ಮುಂಗಡ ಕೊಟ್ಟಾರೇನು?”

“ಇಲ್ಲ. ಮಾತ್ ಕೊಟ್ಟಾರ.”

“ಹಂಗಾದ್ರ ನಮ್ಮಪ್ಪನಂಗ ನಾನೂ ಮಂದಿ ಅಂಗಳದಾಗ ಕುಂಡ್ರಬೇಕನ್ನು.”

“ಹೌದಪ್ಪ. ಕುಂಡ್ರಬೇಕು. ನಾನೂ ಬಾಜೂ ಕುಂಡ್ರತೀನಿ. ಮಂದಿಗೆ ಅಂಗಡಿ ಮ್ಯಾಲೆ ನಂಬಿಗಿ ಹೋಗೈತಿ, ಹತ್ತಿ ಮ್ಯಾಲೆ ಹೋಗಿಲ್ಲ.”

ಅಪ್ಪ ಎದ್ದು ಯಂತ್ರದ ಸುತ್ತ ಒಂದು ಸುತ್ತು ಬಂದರು. ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದರು. ಅತ್ತೆ ಏನೋ ಹೇಳಲು ಹೋದಳು, ನಾನು ಅವಳ ಸೆರಗು ಜಗ್ಗಿದೆ. ಅಪ್ಪ ನನ್ನ ಕಡೆ ತಿರುಗದೆ ಕೇಳಿದರು.

“ಮೆಣಸಗ್ಯಾಗ ಹಗಲೊತ್ತು ಕರೆಂಟ್ ಎಷ್ಟೊತ್ತು ಇರ್ತೈತಿ?”

ನನಗೆ ಗೊತ್ತಿರಲಿಲ್ಲ. ಪಾರ್ವತೆವ್ವನಿಗೆ ಫೋನು ಹಚ್ಚಿದೆ.